ಎರಡು ಚಮಚ ಅರಿಷ್ಟ

ವಿಮಾನ ಬಿದ್ದದ್ದು ಮಧ್ಯಾಹ್ನ. ಸಂಜೆ ನಾನು ಆಸ್ಪತ್ರೆಯಿಂದ ಚೆಂಬೂರಿನ ನಮ್ಮ ಬಿಲ್ಡಿಂಗಿಗೆ ಬರುವಷ್ಟರಲ್ಲಿ ವಿಚಾರಣೆ ಮುಗಿದು ತೀರ್ಪೂ ಹೊರಬಿದ್ದಿತ್ತು. ತೀರ್ಪು ಕೊಟ್ಟವರು ನಮ್ಮ ಸೊಸೈಟಿಯ ಸೆಕ್ರೆಟರಿ. ಲಿಫ್ಟು ಕೆಟ್ಟರೆ ಮೂರು ವಾರ ಕಾರಣ ಹುಡುಕುವ ಮನುಷ್ಯ, ಆಕಾಶದಿಂದ ಬಿದ್ದ ವಿಮಾನಕ್ಕೆ ಮೂರು ಗಂಟೆಯಲ್ಲಿ ಕಾರಣ ಹುಡುಕಿದ್ದರು. ತಪ್ಪು ಕ್ಯಾಪ್ಟನ್‌ನದು. ಹೇಗೆ ಗೊತ್ತಾಯಿತು ಅಂತ ನಾನು ಕೇಳಲಿಲ್ಲ. ಇಂಥವರಿಗೆ ಹೇಗೆ ಗೊತ್ತಾಗುತ್ತದೆ ಅಂತ ನನಗೆ ಗೊತ್ತು. ಸತ್ತವನು ಎದ್ದು ಬಂದು ಜಗಳವಾಡುವುದಿಲ್ಲವಲ್ಲ, ಹಾಗೆ ಗೊತ್ತಾಗುತ್ತದೆ.

ನಾನು ಶವಪರೀಕ್ಷೆಯ ಡಾಕ್ಟರು. ಮೂವತ್ತು ವರ್ಷಕ್ಕೆ ಹತ್ತಿರವಾಯಿತು. ಮದುವೆಮನೆಯಲ್ಲಿ ಯಾರಾದರೂ ಏನು ಕೆಲಸ ಅಂತ ಕೇಳಿ, ನಾನು ಹೇಳಿದ ಮೇಲೆ, ಕೊಟ್ಟ ಕೈಯನ್ನು ನಾಜೂಕಾಗಿ ಹಿಂದಕ್ಕೆ ತೆಗೆದುಕೊಳ್ಳುವುದನ್ನು ನೋಡಿ ನೋಡಿ ಈಗ ನಾನೇ ನಮಸ್ಕಾರ ಮಾಡಿ ಮುಗಿಸುತ್ತೇನೆ. ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲಿ. ಕನ್ನಡವನ್ನು ಶಾಲೆಯಲ್ಲಿ ಕಲಿತವಳಲ್ಲ. ಮೈಸೂರಿನಿಂದ ಬಂದ ಅಜ್ಜಿ, ಅವಳ ಓರಗೆಯ ನಾಲ್ಕಾರು ಹೆಂಗಸರು ಮಧ್ಯಾಹ್ನ ಅಕ್ಕಿ ಆರಿಸುತ್ತಾ ಕೂತು ಊರವರನ್ನೆಲ್ಲ ಬೈಯುತ್ತಿದ್ದರು. ಪಕ್ಕದಲ್ಲಿ ಕೂತು ಕೇಳಿ ಕಲಿತೆ. ಹಾಗಾಗಿ ನನ್ನ ಕನ್ನಡದಲ್ಲಿ ಹೊಗಳಿಕೆಗಿಂತ ಬೈಗುಳ ಸಲೀಸು. ಓದುವವರು ಅಷ್ಟು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಡೆದದ್ದು ಇಷ್ಟು. ಒಂದು ಖಾಸಗಿ ಕಂಪನಿಯ ಸಣ್ಣ ವಿಮಾನ ಬೆಳಿಗ್ಗೆ ಯಾರೋ ನಾಲ್ಕು ಜನ ದೊಡ್ಡ ಮನುಷ್ಯರನ್ನು ಒಂದು ಜಿಲ್ಲಾ ಊರಿಗೆ ಬಿಟ್ಟು, ಊಟದ ಹೊತ್ತು ಕಳೆದ ಮೇಲೆ ಖಾಲಿ ವಾಪಸು ಬರುತ್ತಿತ್ತು. ಒಳಗಿದ್ದವರು ಇಬ್ಬರೇ, ಕ್ಯಾಪ್ಟನ್ ಮತ್ತು ಅವನ ಜೊತೆಯ ಕಿರಿಯ ಪೈಲಟ್. ಚೆಂಬೂರಿನ ಆಚೆ ಸಮುದ್ರದ ನೀರು ಒಳನುಗ್ಗುವ ಖಾಡಿಯಲ್ಲಿ, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ದಟ್ಟವಾಗಿ ನಿಂತ ಕಡೆ, ಬಿತ್ತು. ಕಿರಿಯವನು ಅದೇ ಸಂಜೆ ಸಿಕ್ಕಿದ, ಕುರ್ಚಿಗೆ ಬೆಲ್ಟು ಬಿಗಿದ ಹಾಗೆಯೇ. ಕ್ಯಾಪ್ಟನ್‌ನ ಬೆಲ್ಟು ಕಿತ್ತುಹೋಗಿ ಭರತದ ನೀರು ಅವನನ್ನು ಎಳೆದುಕೊಂಡು ಹೋಗಿತ್ತು. ಸಿಕ್ಕಿದ್ದು ಎರಡು ದಿನದ ಮೇಲೆ, ಬೇರುಗಳ ನಡುವೆ, ಕೆಸರಿನಲ್ಲಿ. ಮೇ ತಿಂಗಳು. ಈ ಎರಡು ದಿನವನ್ನು ದಯವಿಟ್ಟು ನೆನಪಿನಲ್ಲಿಡಿ. ಇಡೀ ಮುಂಬಯಿಯಲ್ಲಿ ನೆನಪಿಡಬೇಕಾದವರು ಯಾರೂ ಇಡಲಿಲ್ಲ.

ಸತ್ತವರ ದೇಹ ಏನು ಹೇಳುತ್ತದೆ ಅಂತ ಜನ ಕೇಳುತ್ತಾರೆ. ಬಹಳ ಹೇಳುತ್ತದೆ, ಆದರೆ ಕೇಳಿದ್ದಕ್ಕೆ ಮಾತ್ರ. ವಿಮಾನ ಯಾಕೆ ಬಿತ್ತು ಅಂದರೆ ದೇಹಕ್ಕೆ ಗೊತ್ತಿಲ್ಲ. ಅದು ಇಂಜಿನ್ನಿನವರನ್ನು ಕೇಳಬೇಕಾದ ಪ್ರಶ್ನೆ. ಬೀಳುವಾಗ ಇವನು ಕೂತಿದ್ದನೋ ಎದ್ದಿದ್ದನೋ, ಎಚ್ಚರವಿದ್ದನೋ, ಕೈ ಎಲ್ಲಿತ್ತು, ಕಾಲು ಎಲ್ಲಿತ್ತು, ಇಂಥವನ್ನು ಕೇಳಿದರೆ ನಿಧಾನವಾಗಿ ಒಂದೊಂದೇ ಹೇಳುತ್ತದೆ.

ನಮ್ಮ ಶವಾಗಾರದ ಹಿರಿಯ ಸಹಾಯಕರು ಸಾತಾರಾ ಕಡೆಯ ಮರಾಠಿ ಮನುಷ್ಯ, ನನಗಿಂತ ಆರೇಳು ವರ್ಷ ದೊಡ್ಡವರು. ಅವರದೊಂದು ಪದ್ಧತಿ. ದೇಹ ಬಂದ ಕೂಡಲೇ ಎರಡು ಕೈಗೂ ಕಾಗದದ ಚೀಲ ಕಟ್ಟಿಬಿಡುತ್ತಾರೆ. ನಾನು ಬಂದು ಬಿಚ್ಚುವ ತನಕ ಯಾರೂ ತೊಳೆಯುವ ಹಾಗಿಲ್ಲ. ಹೊಸ ಹುಡುಗ ಡಾಕ್ಟರುಗಳು ಗಡಿಬಿಡಿ ಮಾಡಿದರೆ, ಮುಖ ಎಲ್ಲರಿಗೂ ತೋರಿಸುವುದಕ್ಕೆ ಇರುವುದು, ಕೆಲಸ ಮಾಡಿದ್ದು ಕೈ ತಾನೇ ಅಂತ ಮರಾಠಿಯಲ್ಲಿ ಗೊಣಗುತ್ತಾರೆ.

ಕ್ಯಾಪ್ಟನ್‌ನ ಕೈ ಬಿಚ್ಚಿದೆವು. ಎರಡೂ ಹೆಬ್ಬೆರಳು ಬುಡದಲ್ಲಿ ಮುರಿದಿದ್ದವು. ಅಂಗೈ ಅಡ್ಡಡ್ಡ ಸೀಳಿತ್ತು. ಒಂದೇ ಕಾಲಲ್ಲಿ ಬೂಟಿತ್ತು. ಅದರ ಅಟ್ಟೆಯ ನಡುವೆ ಪೆಡಲಿನ ಅಂಚು ಒತ್ತಿ ಮೂಡಿದ ಗೆರೆ. ಕಿರಿಯ ಪೈಲಟ್‌ನ ಕೈಯಲ್ಲಿ ಇದಾವುದೂ ಇರಲಿಲ್ಲ. ಬಿಗಿಯಾಗಿ ಹಿಡಿದ ಹಿಡಿಕೆಗೆ ನೆಲದ ಹೊಡೆತ ಬಂದು ತಗುಲಿದರೆ ಹೆಬ್ಬೆರಳು ಹೀಗೆ ಮುರಿಯುತ್ತದೆ. ಇದು ಸೂಚನೆ, ಸಾಕ್ಷಿಕಟ್ಟೆಯಲ್ಲಿ ಪ್ರಮಾಣ ಮಾಡುವಷ್ಟು ಗಟ್ಟಿಯಲ್ಲ. ಬೇರೆ ರೀತಿಯಲ್ಲೂ ಮುರಿಯಬಹುದು. ವರದಿಯಲ್ಲಿ ಹಾಗೆಯೇ ಬರೆದೆ. ಆದರೆ ಮೇಜಿನ ಆಚೆ ನಿಂತ ಸಹಾಯಕರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಈ ಮನುಷ್ಯ ಕಡೆಯ ಕ್ಷಣದವರೆಗೂ ಬಿಟ್ಟಿರಲಿಲ್ಲ ಅಂತ ಇಬ್ಬರಿಗೂ ಅನ್ನಿಸಿತ್ತು.

ಆಮೇಲೆ ರಕ್ತ. ಎದೆ ಒಡೆದುಹೋಗಿತ್ತು. ಎದೆಗೂಡಿನಲ್ಲಿ ನಿಂತದ್ದೇ ಸಿಕ್ಕಿದ್ದು. ಅದನ್ನು ಒಂದು ಬಾಟಲಿಗೆ ತೆಗೆದೆ. ಒಂದು ಕಣ್ಣನ್ನು ಏಡಿಗಳು ಬಿಟ್ಟಿರಲಿಲ್ಲ. ಇನ್ನೊಂದು ಪೂರ್ತಿ ಉಳಿದಿತ್ತು. ಅದರ ಒಳಗಿನ ನೀರನ್ನು ಸಣ್ಣ ಸೂಜಿಯಿಂದ, ಉಸಿರು ಬಿಗಿಹಿಡಿದು, ಎಳೆದುಕೊಂಡು ಬೇರೆ ಬಾಟಲಿಗೆ ಹಾಕಿದೆ. ಕೆಡದಂತೆ ಬಿಳಿಯ ಪುಡಿ ಹಾಕಿಟ್ಟ ಬಾಟಲಿಯನ್ನು ಸಹಾಯಕರು ನಾನು ಕೇಳುವ ಮೊದಲೇ ಕೈಗೆ ಕೊಟ್ಟಿದ್ದರು.

ಈಗ ಸರ್ಕಾರಿ ಕಾಗದದ ಮಹಿಮೆ ಹೇಳಬೇಕು. ಪ್ರಯೋಗಾಲಯಕ್ಕೆ ಕಳಿಸುವ ಅಚ್ಚಿನ ಫಾರಮ್ಮಿನಲ್ಲಿ ಮದ್ಯದ ಪರೀಕ್ಷೆಗೆ ಒಂದೇ ಸಾಲು: ರಕ್ತ. ಕಣ್ಣಿಗೆ ಸಾಲಿಲ್ಲ. ಪ್ರತಿ ಸಲವೂ ನಾನು ಒಂದು ಚೀಟಿ ಬರೆದು ಅಂಟಿಸುತ್ತೇನೆ. ಪ್ರತಿ ಸಲವೂ ಆ ಚೀಟಿ ದಾರಿಯಲ್ಲಿ ಎಲ್ಲೋ ಉದುರುತ್ತದೆ. ಈ ಸಲವೂ ಉದುರಿತು. ರಕ್ತದ ಪರೀಕ್ಷೆ ಆಯಿತು, ಕಣ್ಣಿನ ಬಾಟಲಿಯನ್ನು ಯಾರೋ ಪುಣ್ಯಾತ್ಮರು, ಇದು ಯಾವ ಸಾಲಿನದೂ ಅಲ್ಲ ಅಂತ, ಫ್ರಿಜ್ಜಿನ ಹಿಂಬದಿಗೆ ತಳ್ಳಿದರು.

ರಕ್ತದ ವರದಿ ಬಂತು. ಕಿರಿಯವನಲ್ಲಿ ಏನೂ ಇಲ್ಲ. ಕ್ಯಾಪ್ಟನ್‌ನಲ್ಲಿ ಮದ್ಯಸಾರ ಇದೆ.

ಆ ವರದಿ ನನ್ನ ಮೇಜಿಗೆ ಬರುವ ಮೊದಲು ಟೀವಿಗೆ ಹೋಯಿತು. ಯಾರು ಕೊಟ್ಟರೋ, ನಾನು ಹುಡುಕಲು ಹೋಗಲಿಲ್ಲ. ಒಂದು ಚಾನೆಲ್ಲಿನಲ್ಲಿ ಕೋಟು ತೊಟ್ಟವನೊಬ್ಬ ಆಟಿಕೆಯ ವಿಮಾನವನ್ನು ಕೈಯಲ್ಲಿ ಹಿಡಿದು, ಅದನ್ನು ಕುಡುಕರ ಹಾಗೆ ಓಲಾಡಿಸಿ ತೋರಿಸುತ್ತಿದ್ದ. ಹಿಂದೆ ಪರದೆಯ ಮೇಲೆ ಒಂದು ಬಾಟಲಿಯ ಚಿತ್ರ. ಅವನ ಎದುರು ಕೂತ ಇಬ್ಬರು ಪರಿಣತರಲ್ಲಿ ಒಬ್ಬ ಹಿಂದಿನ ವಾರ ಅದೇ ಕುರ್ಚಿಯಲ್ಲಿ ಕೂತು ಮಳೆಯ ಮುನ್ಸೂಚನೆ ಹೇಳಿದ್ದ. ಬೆಳಿಗ್ಗೆ ಹೊರಡುವ ಮುಂಚೆ ಊದಿಸಿ ನೋಡಿದಾಗ ಕ್ಯಾಪ್ಟನ್ ಶುದ್ಧವಾಗಿಯೇ ಇದ್ದನಲ್ಲ ಅಂತ ಯಾರೋ ಕೇಳಿದರೆ, ಹಾಗಾದರೆ ಆ ಊರಿನಲ್ಲಿ ಊಟದ ಜೊತೆ ಕುಡಿದಿದ್ದಾನೆ, ಇಷ್ಟೂ ತಿಳಿಯುವುದಿಲ್ಲವೇ ಅಂತ ಕೋಟಿನವನು ಗದರಿದ. ಮರುದಿನ ನಮ್ಮ ಸೆಕ್ರೆಟರಿ ಲಿಫ್ಟಿನ ಬಾಗಿಲನ್ನು ಕಾಲಲ್ಲಿ ತಡೆದು ನಿಂತು, ನಾನು ಅವತ್ತೇ ಹೇಳಿದ್ದೆ ನೋಡಿ ಮ್ಯಾಡಮ್ ಅಂದರು. ಹೌದು, ಅವತ್ತೇ ಹೇಳಿದ್ದಿರಿ, ಹೇಳಲು ನಿಮಗೆ ಏನೂ ಗೊತ್ತಿರಬೇಕಾಗಿಲ್ಲವಲ್ಲ ಅಂದೆ. ಅವರು ಅದನ್ನು ಹೊಗಳಿಕೆ ಅಂತ ತೆಗೆದುಕೊಂಡರು.

ಮೇ ತಿಂಗಳಲ್ಲಿ ದೋಸೆ ಹಿಟ್ಟನ್ನು ಹೊರಗೆ ಇಟ್ಟು ಮರೆತ ಯಾವ ಹೆಂಗಸಿಗೂ ಇದರ ಗುಟ್ಟು ಹೇಳಿಕೊಡಬೇಕಾಗಿಲ್ಲ. ಹಿಟ್ಟು ತಾನಾಗಿ ಉಬ್ಬುತ್ತದೆ, ಹುಳಿಯಾಗುತ್ತದೆ, ಮೂಗಿಗೆ ಹೊಡೆಯುತ್ತದೆ. ಅದಕ್ಕೆ ಯಾರೂ ಹೆಂಡ ಸುರಿದಿರುವುದಿಲ್ಲ. ಸತ್ತ ದೇಹದಲ್ಲೂ ಸಕ್ಕರೆ ಇರುತ್ತದೆ, ಕಣ್ಣಿಗೆ ಕಾಣದ ಜೀವಿಗಳು ಇರುತ್ತವೆ. ಒಡೆದ ದೇಹ, ಬೆಚ್ಚಗಿನ ಕೆಸರು, ಎರಡು ದಿನ. ರಕ್ತದಲ್ಲಿ ಮದ್ಯಸಾರ ತಾನಾಗಿ ಹುಟ್ಟುತ್ತದೆ. ಕಿರಿಯವನು ಅದೇ ಸಂಜೆ ಐಸಿಗೆ ಬಂದ, ಅವನಲ್ಲಿ ಹುಟ್ಟಲಿಲ್ಲ. ಇಷ್ಟೇ ಇಬ್ಬರ ವ್ಯತ್ಯಾಸ. ಆದರೆ ಕಣ್ಣುಗುಡ್ಡೆ ಮುಚ್ಚಿದ ಡಬ್ಬಿಯ ಹಾಗೆ. ಕೊಳೆತ ಅಲ್ಲಿಗೆ ತಡವಾಗಿ ತಲುಪುತ್ತದೆ. ಬದುಕಿದ್ದಾಗ ಕುಡಿದದ್ದಾದರೆ ಕಣ್ಣಿನ ನೀರಲ್ಲೂ ಇರಬೇಕು. ರಕ್ತದಲ್ಲಿದ್ದು ಕಣ್ಣಲ್ಲಿ ಇಲ್ಲವಾದರೆ, ಅದು ಸತ್ತ ಮೇಲೆ ಹುಟ್ಟಿದ್ದು.

ಇದೆಲ್ಲ ನನ್ನ ಸಂಶೋಧನೆಯೇನಲ್ಲ, ಪಾಠದ ಪುಸ್ತಕದಲ್ಲಿರುವುದು. ವಿಮಾನ ಕಂಪನಿಯ ಸಲಹೆಗಾರ ಡಾಕ್ಟರು ಈ ಪಾಠವನ್ನು ಬೇರೆಯವರಿಗೆ ಹೇಳಿಕೊಟ್ಟು ನಿವೃತ್ತರಾದವರು. ತನಿಖೆಯ ಅಧಿಕಾರಿಯ ಕೋಣೆಯಲ್ಲಿ ನನ್ನ ಎದುರು ಕೂತು, ಕಣ್ಣಿನ ವರದಿ ಬರಲಿ ಅಂತ ನಾನು ಅಂದಾಗ, ಎಳೆಯರನ್ನು ಕಂಡು ನಗುವ ಹಾಗೆ ನಕ್ಕರು. ವಿಜ್ಞಾನದಲ್ಲಿ ಎಲ್ಲಕ್ಕೂ ಒಂದು 'ಆದರೆ' ಇರುತ್ತದೆ, ನಾವು ಬರೀ 'ಆದರೆ'ಗಳನ್ನೇ ಹಿಡಿದು ಕೂತರೆ ಕೆಲಸ ಸಾಗುವುದಿಲ್ಲ ಅಂದರು. ಗೊತ್ತಿಲ್ಲದೆ ಮಾತಾಡುವವರ ಮೇಲೆ ನನಗೆ ಬರುವುದು ಬೇಸರ. ಗೊತ್ತಿದ್ದೂ ಮೀಸೆಯಡಿಯಲ್ಲಿ ನಗುತ್ತಾ ಕೂರುವವರನ್ನು ಕಂಡರೆ, ಅಜ್ಜಿಯ ಮಧ್ಯಾಹ್ನದ ಮಾತೆಲ್ಲ ಒಟ್ಟಿಗೆ ನಾಲಿಗೆಯ ತುದಿಗೆ ಬರುತ್ತದೆ. ನುಂಗಿಕೊಂಡೆ. ಅಧಿಕಾರಿ ಮಾತ್ರ ಸಭ್ಯರು. ಕಾಯೋಣ ಅಂದರು.

ಆ ವಾರದಲ್ಲೇ ಕ್ಯಾಪ್ಟನ್‌ನ ತಾಯಿ ಆಸ್ಪತ್ರೆಗೆ ಬಂದರು. ಮಗನ ಕಾಗದಪತ್ರಕ್ಕೆ ಸಹಿ ಆಗಬೇಕಿತ್ತು. ಧಾರವಾಡದ ಕಡೆಯವರು, ವಿಲೆ ಪಾರ್ಲೆಯಲ್ಲಿ ಮಗನ ಜೊತೆ ಇದ್ದವರು. ಎಪ್ಪತ್ತು ದಾಟಿದ ಸಣ್ಣ ದೇಹ. ಜೊತೆಗೆ ಮಗಳು, ಅಳಿಯ. ನಾನು ಕನ್ನಡದವಳು ಅಂತ ತಿಳಿದ ಕೂಡಲೇ ಅಳಿಯ ನನ್ನ ಎದುರಿನ ಕುರ್ಚಿಯನ್ನು ಪೂರ್ತಿಯಾಗಿ ಆಕ್ರಮಿಸಿದರು. ಕಚೇರಿಯೊಂದರಲ್ಲಿ ದೊಡ್ಡ ಹುದ್ದೆ, ಸಂಜೆ ಕನ್ನಡ ಸಂಘದ ಪದಾಧಿಕಾರಿ, ಪತ್ರಿಕೆಗಳಿಗೆ ಪತ್ರ ಬರೆದು ಕೈ ಪಳಗಿದವರು. ಮಾತಿನ ನಡುವೆ ತಮ್ಮ ವಾಕ್ಯಗಳನ್ನು ತಾವೇ ಮೆಚ್ಚಿಕೊಂಡು ತಲೆದೂಗುತ್ತಿದ್ದರು. ಭಾವಮೈದುನ ಸತ್ತು ಇನ್ನೂ ಹನ್ನೆರಡು ದಿನವಾಗಿರಲಿಲ್ಲ. ಅವರ ಬಗಲಲ್ಲಿ ಫೈಲು ಆಗಲೇ ದಪ್ಪವಾಗಿತ್ತು.

ಅಳಿಯ ನೀರು ಕುಡಿಯಲು ಎದ್ದು ಹೋದಾಗ ತಾಯಿ ತಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಬಾಯಾರ, ಒಂದ ಕೇಳ್ತೇನಿ. ಅಂವಗ ಹೊಟ್ಟಿ ಸೂಕ್ಷ್ಮ. ಊಟ ಆದಮ್ಯಾಲೆ ತೊಗೋ ಅಂತ ದಿನಾ ಸಣ್ಣ ಸೀಸೆದಾಗ ದ್ರಾಕ್ಷಾರಿಷ್ಟ ಹಾಕಿ ಡಬ್ಬೀ ಜೋಡಿ ಕೊಡ್ತಿದ್ದೆ. ಎರಡ ಚಮಚಾ. ಅವತ್ತೂ ಕೊಟ್ಟಿದ್ದೆ. ಅದರಾಗ ಸೆರೇದ ಅಂಶ ಇರ್ತದಂತಲ್ರಿ? ಟೀವಿಯವರು ಅನ್ನೂದು ಅದನ್ನೇನು? ನನ್ನ ಕೈಲೆ ಆತೇನು ಇದು?"

ಎರಡು ಚಮಚ ಅರಿಷ್ಟದಿಂದ ಯಾವ ವಿಮಾನವೂ ಬೀಳುವುದಿಲ್ಲ ಅಂತ ಗೊತ್ತಿತ್ತು, ಹೇಳಿದೆ. ಅವರು ನನ್ನನ್ನು ನೋಡಿದ ರೀತಿಯಲ್ಲೇ ತಿಳಿಯಿತು, ಈ ಸಮಾಧಾನವನ್ನು ಅವರಿಗೆ ನೆರೆಮನೆಯವರೂ ಹೇಳಿದ್ದಾರೆ, ಅದರಿಂದ ಏನೂ ಆಗಿಲ್ಲ. ಕಣ್ಣಿನ ಪರೀಕ್ಷೆ ಒಂದು ಬಾಕಿಯಿದೆ, ಅದು ಆದ ಮೇಲೆ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ಯಾರಿಗೂ ಏನೂ ಹೇಳಬೇಡಿ ಅಂದೆ. ಮಗಳು ತಲೆಯಾಡಿಸಿದಳು. ಅಷ್ಟರಲ್ಲಿ ಅಳಿಯ ಬಂದರು. ನನ್ನ ಕೊನೆಯ ಮಾತು ಅವರ ಕಿವಿಗೂ ಬಿತ್ತು ಅಂತ ನಾನು ಆಣೆ ಮಾಡಿ ಹೇಳಬಲ್ಲೆ.

ನಾಲ್ಕೇ ದಿನ. ತನಿಖೆಯ ಅಧಿಕಾರಿ ಫೋನು ಮಾಡಿ, ಕಣ್ಣಿನ ಪರೀಕ್ಷೆಗೆ ಇನ್ನು ಒತ್ತಾಯಿಸಬೇಕಾಗಿಲ್ಲ ಡಾಕ್ಟರ್, ಮನೆಯವರೇ ಒಪ್ಪಿಕೊಂಡಿದ್ದಾರೆ ಅಂದರು.

ಏನು ಒಪ್ಪಿಕೊಂಡಿದ್ದಾರೆ ಅಂತ ಹೋಗಿ ನೋಡಿದೆ. ಅಳಿಯ ಪತ್ರ ಬರೆದಿದ್ದರು. ಮೂರು ಪುಟ, ಅಧಿಕಾರಿಗೆ ಒಂದು, ಉಳಿದ ಪ್ರತಿಗಳು ಮಂತ್ರಿಗಳಿಂದ ಹಿಡಿದು ಪತ್ರಿಕೆಯವರ ತನಕ. ಭಾವಮೈದುನನ ಮಾನ ಉಳಿಸುವ ಪತ್ರವಂತೆ. ಮೃತರು ಸಾತ್ವಿಕ ಮನೆತನದವರು, ಮದ್ಯವನ್ನು ಮೂಸಿದವರೂ ಅಲ್ಲ, ಆಯುರ್ವೇದದಲ್ಲಿ ನಂಬಿಕೆಯಿಟ್ಟು ಪ್ರತಿದಿನ ಊಟದ ನಂತರ ದ್ರಾಕ್ಷಾರಿಷ್ಟ ಸೇವಿಸುತ್ತಿದ್ದರು, ಅಪಘಾತದ ದಿನವೂ ಸೇವಿಸಿದ್ದರು, ರಕ್ತದಲ್ಲಿ ಕಂಡದ್ದು ಆ ಔಷಧದ ಅಂಶವೇ ಹೊರತು ಬೇರೆಯಲ್ಲ. ಮಧ್ಯೆ ಆಯುರ್ವೇದದ ಹಿರಿಮೆಯ ಬಗ್ಗೆ ಒಂದು ಪ್ಯಾರಾ. ಕೊನೆಯಲ್ಲಿ ಎರಡು ಗೆರೆ ಎಳೆದು ಸಹಿ.

ನಮ್ಮವರಿಗೇ ಬರುವ ಬುದ್ಧಿ ಇದು. ಹೆಂಡ ಅನ್ನಿಸಿಕೊಳ್ಳುವುದು ಮಾತ್ರ ಅವಮಾನ, ಅರಿಷ್ಟ ಅಂದರೆ ಎಲ್ಲ ಶುದ್ಧ. ಮಡಿಯ ಬಾಟಲಿಯಿಂದ ಬಂದರೆ ಮದ್ಯಸಾರವೂ ಮಡಿ. ಪೈಲಟ್ ಆದವನು ಹಾರುವ ಮುಂಚೆ ಇಷ್ಟು ಗಂಟೆ ಮದ್ಯಸಾರ ಇರುವ ಯಾವುದನ್ನೂ, ಕೆಮ್ಮಿನ ಔಷಧವನ್ನೂ, ಬಾಯಿಗೆ ಹಾಕಬಾರದೆಂಬ ನಿಯಮ ಇದೆ ಅಂತ ಈ ಮಹಾಶಯರು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಪತ್ರ ಬರೆಯುವ ಸುಖ ತಪ್ಪುತ್ತಿತ್ತಲ್ಲ. ಕಂಪನಿಯ ಸಲಹೆಗಾರರು ಆ ಮೂರು ಪುಟವನ್ನು ಪ್ರಸಾದ ಹಿಡಿದ ಹಾಗೆ ಎರಡು ಕೈಯಲ್ಲಿ ಹಿಡಿದಿದ್ದರು. ಮನೆಯವರೇ ಹೇಳಿದ ಮೇಲೆ ನಾವೇನು ಹೇಳುವುದು ಮ್ಯಾಡಮ್, ಪಾಪ, ಒಳ್ಳೆಯ ಜನ ಅಂದರು. ಎರಡು ಚಮಚ ಅರಿಷ್ಟಕ್ಕೂ ರಕ್ತದಲ್ಲಿ ಬಂದ ಆ ಪ್ರಮಾಣಕ್ಕೂ ಸಂಬಂಧವೇ ಇಲ್ಲ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕಂಪನಿಗೆ ಬೇಕಾದದ್ದು ಸಿಕ್ಕಿತ್ತು. ಕ್ಯಾಪ್ಟನ್ ಕುಡಿದಿದ್ದ, ಏನು ಕುಡಿದಿದ್ದ ಅನ್ನುವುದು ಅಡಿಟಿಪ್ಪಣಿ.

ಅಳಿಯನ ಜಾಣತನ ಮಾನ ಉಳಿಸಲಿಲ್ಲ, ತಾಯಿಯ ಸಂಶಯಕ್ಕೆ ಮೊಹರು ಒತ್ತಿತು. ಇನ್ನು ಆ ಹೆಂಗಸು ಉಳಿದ ಆಯುಸ್ಸನ್ನೆಲ್ಲ ಒಂದು ಚಮಚವನ್ನು ನೋಡುತ್ತಾ ಕಳೆಯಬೇಕು. ಮಗಳ ಗಂಡನೇ ಬರೆದುಕೊಟ್ಟಿದ್ದಾನೆ, ಸರ್ಕಾರವೇ ಒಪ್ಪಿದೆ.

ನಾನು ಅಧಿಕಾರಿಯ ಮುಂದೆಯೇ ಕೂತು ಎರಡು ಸಾಲು ಬರೆದೆ. ಮನೆಯವರು ಏನೇ ಬರೆಯಲಿ, ಕಣ್ಣಿನ ನೀರಿನ ಪರೀಕ್ಷೆ ಆಗದೆ ಸಾವಿನ ಅಂತಿಮ ವರದಿಗೆ ನಾನು ಸಹಿ ಹಾಕುವುದಿಲ್ಲ ಅಂತ. ಅಧಿಕಾರಿ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಹಾಗಾದರೆ ನೀವೇ ತೆಗೆದುಕೊಂಡು ಹೋಗಿ ಕೊಡಿ ಅಂದರು. ಕೊಟ್ಟೆ. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಹೋಗಿ, ಪ್ರಯೋಗಾಲಯದ ಕಿಟಕಿಯ ಮುಂದೆ ಅರ್ಧ ದಿನ ಕಾದು, ಫ್ರಿಜ್ಜಿನ ಹಿಂಬದಿಯಿಂದ ಆ ಬಾಟಲಿಯನ್ನು ತೆಗೆಸಿದೆ. ಕಿಟಕಿಯ ಆಚೆಯ ಗುಮಾಸ್ತ, ಇದಕ್ಕೆ ಫಾರಮ್ಮಿನಲ್ಲಿ ಸಾಲೇ ಇಲ್ಲವಲ್ಲ ಅಂತ ಮತ್ತೆ ಶುರು ಮಾಡಿದ. ನೀವು ಸತ್ತರೆ ನಿಮಗೂ ಒಂದೇ ಸಾಲು ಬರುತ್ತದೆ, ಆಗ ಏನು ಮಾಡುತ್ತೀರಿ ಅಂದೆ. ಅಜ್ಜಿಯ ಕನ್ನಡವನ್ನು ಮರಾಠಿಗೆ ತಿರುಗಿಸಿದರೂ ಖಾರ ಇಳಿಯುವುದಿಲ್ಲ. ಬಾಟಲಿ ಒಳಗೆ ಹೋಯಿತು.

ಹತ್ತು ದಿನದ ಮೇಲೆ ಉತ್ತರ ಬಂತು. ಕಣ್ಣಿನ ನೀರಿನಲ್ಲಿ ಮದ್ಯಸಾರ ಇಲ್ಲ. ಸ್ವಲ್ಪವೂ ಇಲ್ಲ. ಜೊತೆಗೆ, ಉಳಿದಿದ್ದ ರಕ್ತವನ್ನು ಅವರು ಮತ್ತೆ ನೋಡಿದ್ದರು. ಅದರಲ್ಲಿ ಕೊಳೆಯುವಾಗ ಹುಟ್ಟುವ ಇನ್ನೊಂದು ಜಾತಿಯ ಮದ್ಯಸಾರವೂ ಸಿಕ್ಕಿತ್ತು. ಅದನ್ನು ಯಾರೂ ಗ್ಲಾಸಿನಲ್ಲಿ ಹಾಕಿಕೊಂಡು ಕುಡಿಯುವುದಿಲ್ಲ.

ಸಲಹೆಗಾರರು ಆ ಕಾಗದ ಓದಿ, ಇದು ನಿರೀಕ್ಷಿತವೇ, ಇಂಥ ಸಂದರ್ಭದಲ್ಲಿ ಕಣ್ಣಿನ ಪರೀಕ್ಷೆಯೇ ನಿರ್ಣಾಯಕ ಅಂತ ನಾನು ಯಾವಾಗಲೂ ಹೇಳುತ್ತೇನೆ ಅಂದರು. ಮೀಸೆಯ ಒಂದು ಕೂದಲೂ ಅಲುಗಲಿಲ್ಲ. ಇಂಥವರ ದೇಹವನ್ನು ಪರೀಕ್ಷೆ ಮಾಡಿದರೂ ನಾಚಿಕೆಯ ಕುರುಹು ಎಲ್ಲೂ ಸಿಗಲಿಕ್ಕಿಲ್ಲ. ಟೀವಿಯವರು ಒಂದು ಮಾತೂ ಆಡಲಿಲ್ಲ. ಕೋಟಿನವನ ಕೈಗೆ ಅಷ್ಟು ಹೊತ್ತಿಗೆ ಆಟಿಕೆಯ ಸೇತುವೆ ಬಂದಿತ್ತು. ನಮ್ಮ ಸೆಕ್ರೆಟರಿಗೆ ನಾನೇ ಹೇಳಿದೆ, ಕ್ಯಾಪ್ಟನ್ ಕುಡಿದಿರಲಿಲ್ಲ ಅಂತ. ಅವರು ಕಣ್ಣು ಕಿರಿದು ಮಾಡಿ, ಒಳಗೊಳಗೆ ಏನೋ ನಡೆದಿದೆ ಬಿಡಿ ಅಂದರು. ಕುಡಿದಿಲ್ಲ ಅನ್ನುವುದಕ್ಕೆ ಅವರಿಗೆ ಪುರಾವೆ ಬೇಕಾಗಿತ್ತು. ಕುಡಿದಿದ್ದ ಅನ್ನುವುದಕ್ಕೆ ಬೇಕಾಗಿರಲಿಲ್ಲ.

ವರದಿಯ ಪ್ರತಿ ಮನೆಯವರಿಗೆ ಅಧಿಕೃತವಾಗಿ ತಲುಪಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ವಿಲೆ ಪಾರ್ಲೆಗೆ ಹೋದೆ. ಮಾತು ಕೊಟ್ಟಿದ್ದೆನಲ್ಲ. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ, ಮೂರನೆಯ ಮಹಡಿ, ವಿಮಾನ ತಲೆಯ ಮೇಲೆ ಹೋದಾಗಲೆಲ್ಲ ಕಿಟಕಿಯ ಗಾಜು ಗುನುಗುವ ಮನೆ. ಮಗಳು ಬಾಗಿಲು ತೆಗೆದಳು. ಅಳಿಯ ಒಳಗಿದ್ದರು, ವರದಿಯ ಪ್ರತಿಯಲ್ಲಿ ಆಗಲೇ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ತಾಯಿ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಅವರು ಮೂರು ವಾರದಿಂದ ಅಡಿಗೆಮನೆಯ ಒಳಗೆ ಕಾಲಿಟ್ಟಿಲ್ಲ, ಯಾರಿಗೂ ಒಂದು ಲೋಟ ನೀರೂ ತಮ್ಮ ಕೈಯಿಂದ ಕೊಡುವುದಿಲ್ಲ ಅಂತ ಮಗಳು ಬಾಗಿಲಲ್ಲೇ ಪಿಸುಗುಟ್ಟಿದ್ದಳು.

ನಾನೂ ನೆಲದ ಮೇಲೆ ಕೂತು, ದೋಸೆ ಹಿಟ್ಟಿನಿಂದ ಶುರು ಮಾಡಿ ಎಲ್ಲ ಹೇಳಿದೆ. ಹೆಬ್ಬೆರಳ ವಿಷಯವನ್ನೂ, ಅದು ಪೂರ್ತಿ ಪುರಾವೆಯಲ್ಲ ಅಂತ ಸೇರಿಸಿಯೇ, ಹೇಳಿದೆ. ಮುಗಿದ ಮೇಲೆ ತಾಯಿ ಕೇಳಿದರು:

"ಅಂದ್ರ, ಅಂವ ಅರಿಷ್ಟ ಕುಡದಿದ್ದಿಲ್ಲೇನು? ಇಲ್ಲಾ ಕುಡದದ್ದು ಇಳದು ಹೋಗಿತ್ತೇನು?"

ಕಂಪನಿಯ ಡಾಕ್ಟರು, ಅಧಿಕಾರಿ, ಟೀವಿಯ ಪರಿಣತರು, ಯಾರೂ ಕೇಳದ ಪ್ರಶ್ನೆ. ಸುಳ್ಳು ಹೇಳುವುದು ಸುಲಭವಿತ್ತು.

"ಎರಡರಲ್ಲಿ ಯಾವುದು ಅಂತ ಕಣ್ಣು ಹೇಳಲ್ಲ, ಅಮ್ಮ. ಎರಡೇ ಚಮಚ ಆದರೆ ಅಷ್ಟು ಹೊತ್ತಿಗೆ ಇಳಿದೂ ಹೋಗಿರಬಹುದು. ವಿಮಾನ ನಡೆಸುವಾಗ ಅವರ ಮೈಯಲ್ಲಿ ಇರಲಿಲ್ಲ. ಅಷ್ಟು ಖಂಡಿತ."

ಅಳಿಯ ಗಂಟಲು ಸರಿಮಾಡಿಕೊಂಡರು. ಹಾಗಾದರೆ ತಮ್ಮ ಪತ್ರಕ್ಕೆ ಯಾವ ಬಾಧಕವೂ ಬರಲಿಲ್ಲ, ಒಂದು ರೀತಿಯಲ್ಲಿ ವರದಿ ಪತ್ರವನ್ನು ಎತ್ತಿ ಹಿಡಿಯುತ್ತದೆ ಅಂತ ವಿವರಿಸತೊಡಗಿದರು. ತಾಯಿ ಅವರ ಕಡೆ ತಿರುಗಿದರು. ಅಳಿಯನಿಗೆ ಅತ್ತೆ ಕೊಡುವ ಮರ್ಯಾದೆಯಲ್ಲಿ ಒಂದು ಅಕ್ಷರವೂ ಕಡಿಮೆಯಾಗಲಿಲ್ಲ.

"ಅಳಿಯಂದ್ರ, ಅವತ್ತು ಅಂವ ಕುಡದದ್ದು ನೀವು ನೋಡೀರೇನು?"

"ನಾ ಹೆಂಗ ನೋಡ್ಲಿ ಅತ್ತಿ? ದಿನಾ ಕೊಡ್ತೇನಿ ಅಂತ ನೀವ ಹೇಳೀರಿ."

"ಕೊಡ್ತಿದ್ದೆ. ಕೊಟ್ಟೇನಿ ಅಂತ ಬರೀಬೇಕಿತ್ತು. ಕುಡದಾನ ಅಂತ ಯಾಕ ಬರದ್ರಿ? ನಾನೂ ನೋಡಿಲ್ಲ, ನೀವೂ ನೋಡಿಲ್ಲ."

ಮೂವತ್ತು ವರ್ಷದಲ್ಲಿ ಕೋರ್ಟಿನಲ್ಲಿ ಎಷ್ಟೋ ಕರಿ ಕೋಟಿನವರು ನನ್ನನ್ನು ಅಡ್ಡಪ್ರಶ್ನೆ ಕೇಳಿದ್ದಾರೆ. ಇಷ್ಟು ಸ್ವಚ್ಛವಾದದ್ದನ್ನು ಯಾರೂ ಕೇಳಿಲ್ಲ. ಅಳಿಯ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ತೆಗೆದು, ಮತ್ತೆ ಸಿಕ್ಕಿಸಿಕೊಂಡರು. ಕಚೇರಿಯಲ್ಲಿ ಎಷ್ಟೋ ಜನರನ್ನು ನಿಲ್ಲಿಸಿ ಮಾತಾಡುವ ಮನುಷ್ಯ, ನೆಲದ ಮೇಲೆ ಕೂತ ಮುದುಕಿಯ ಮುಂದೆ ಕುರ್ಚಿಯಲ್ಲೇ ಕುಗ್ಗಿದರು. ನನಗೆ ಕನಿಕರ ಬರಬೇಕಿತ್ತು, ಬರಲಿಲ್ಲ.

ಆಗ ಮಗಳು ಬಾಯಿಬಿಟ್ಟಳು. ಅಷ್ಟು ದಿನ ಗಂಡನ ವಾಕ್ಯಗಳ ನಡುವೆ ಅವಳಿಗೆ ಜಾಗ ಸಿಕ್ಕಿರಲಿಲ್ಲ.

"ಅವ್ವಾ, ಅಂವ ಸಣ್ಣಾಂವ ಇದ್ದಾಗ ನೀ ಕೊಟ್ಟದ್ದನ್ನ ಮೋರ್ಯಾಗ ಸುರೀತಿದ್ದ. ನನಗ ಹೇಳಬ್ಯಾಡ ಅಂತಿದ್ದ. ದೊಡ್ಡಾಂವ ಆದಮ್ಯಾಲೂ ಅದರ ವಾಸನಿ ಅಂದ್ರ ಮುಖಾ ಕಿವಚತಿದ್ದ."

ತಲೆಯ ಮೇಲೆ ಒಂದು ವಿಮಾನ ಹೋಯಿತು, ಗಾಜು ಗುನುಗಿ ಸುಮ್ಮನಾಯಿತು. ತಾಯಿಯ ಮುಖದಲ್ಲಿ ಏನು ಬರುತ್ತಿದೆ ಅಂತ ನನಗೆ ಮೊದಲು ತಿಳಿಯಲಿಲ್ಲ. ಮೂವತ್ತು ವರ್ಷ ಕಣ್ಣು ಮುಚ್ಚಿದ ಮುಖಗಳನ್ನೇ ನೋಡಿದವಳು ನಾನು. ಆಮೇಲೆ ತಿಳಿಯಿತು. ಅದು ಸಿಟ್ಟು, ಅಪ್ಪಟ ಸಿಟ್ಟು, ಬದುಕಿರುವ ಮಗನ ಮೇಲೆ ಬರುವಂಥದು.

ಫೋನಿನಲ್ಲಿ ದಿನಾ ಕುಡಿದೆ ಅವ್ವಾ ಅಂತಿದ್ದನಲ್ಲ, ಹೊಟ್ಟೆ ಹಗುರಾಯಿತು ಅಂತಿದ್ದನಲ್ಲ, ನಲವತ್ತು ದಾಟಿದವನು ತಾಯಿಗೆ ಹೀಗೆ ಸುಳ್ಳು ಹೇಳುವುದೇ, ಒಳ್ಳೆಯ ಅಂಗಡಿಯ ಅರಿಷ್ಟ ಅಂತ ದಾದರಿನ ತನಕ ಹೋಗಿ ತರುತ್ತಿದ್ದೆನಲ್ಲ ಅಂತ ಶುರುವಾದದ್ದು, ಅವನು ಸಣ್ಣವನಿದ್ದಾಗ ಪುಸ್ತಕದ ಹಿಂದೆ ಬಚ್ಚಿಟ್ಟ ಬೆಂಡೆಕಾಯಿ ಪಲ್ಯದವರೆಗೆ ಹೋಯಿತು. ಮಗಳು ಅಳುತ್ತಾ ನಗುತ್ತಿದ್ದಳು. ಅಳಿಯನಿಗೆ ಮಾತ್ರ ಒಂದು ದಾರಿ ಕಂಡಿತು. ಪೆನ್ಸಿಲು ಇಳಿಸಿ, ಹೊಸ ಹಾಳೆ ತೆಗೆದು, ಮೃತರು ಅರಿಷ್ಟವನ್ನು ಚೆಲ್ಲುವ ಅಭ್ಯಾಸವುಳ್ಳವರಾಗಿದ್ದರೆಂದು ಒಂದು ತಿದ್ದುಪಡಿ ಪತ್ರ ಬರೆಯಲೇ ಅಂತ ಕೇಳಿದರು.

ತಾಯಿ ಬೈಗುಳದ ನಡುವೆ ನಿಲ್ಲಿಸಿದರು.

"ಬ್ಯಾಡ. ಅವತ್ತು ಚೆಲ್ಲಿದ್ದನ್ನೂ ಯಾರೂ ನೋಡಿಲ್ಲ. ನೋಡದ್ದನ್ನ ಬರೀಬ್ಯಾಡ್ರಿ. ಹಿಂದಿನದು ತಪ್ಪಾತು ಅಂತ ಇಷ್ಟ ಬರೀರಿ, ಸಾಕು."

ಅಳಿಯ ಬರೆದರು. ಒಂದೇ ಸಾಲಿನ ಪತ್ರ, ಅವರ ಜೀವಮಾನದಲ್ಲಿ ಅದೊಂದೇ ಇರಬೇಕು. ತಾಯಿ ಎದ್ದು ಗೋಡೆ ಹಿಡಿದುಕೊಂಡು, ಮಗನನ್ನು ಬೈಯುತ್ತಲೇ, ನನಗೆ ಚಹಾ ಮಾಡಲು ಅಡಿಗೆಮನೆಗೆ ಹೋದರು.